ಮಕ್ಕಳಿಗೂ ದನಕರುಗಳಿಗೂ ಪರಿಚಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯಲ್ಲೋ ದಸರೆಯಲ್ಲೋ ನಗರದಿಂದ ಅಜ್ಜಿಯ ಮನೆಗೆ ಬರುವ ಮಕ್ಕಳು ಬಸ್ಸಿಳಿದ ಒಡನೆ ಓಡುವುದು ಕೊಟ್ಟಿಗೆಯ ಕಡೆಗೆ. ಹಿಂದೆ ಈ ಪರಿಚಯವನ್ನು ಯಾರೂ ಮಾಡಿಸಬೇಕಾಗಿರಲಿಲ್ಲ. ಮಗು ತೊಟ್ಟಿಲಲ್ಲಿರುವಾಗಲೇ ಗೋಡೆಯಾಚೆಯ ಕೊರಳಗಂಟೆ ಅದರ ಕಿವಿಗೆ ಬೀಳುತ್ತಿತ್ತು. ಈಗ ಹಾಲಿನ ಪ್ಯಾಕೆಟ್ಟಿನ ಮೇಲೆ ಮಾತ್ರ ಹಸುವನ್ನು ಕಂಡ ಮಗು ಒಂದು ದಿನ ಏಕಾಏಕಿ 400 ಕಿಲೋ ತೂಗುವ ಜೀವದ ಮುಂದೆ ನಿಲ್ಲುತ್ತದೆ, ಜೊತೆಗಿರುವ ತಂದೆತಾಯಿಗಳಿಗೂ ಏನು ಹೇಳಬೇಕೆಂದು ತಿಳಿದಿರುವುದಿಲ್ಲ. ತುಮಕೂರು ಸೀಮೆಯ ನಮ್ಮ ಸಣ್ಣ ಕೊಟ್ಟಿಗೆಗೆ ಬಂದುಹೋಗುವ ನೆಂಟರಿಷ್ಟರು ವರ್ಷ ವರ್ಷವೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಮಗುವಿಗೆ ದನವನ್ನು ತೋರಿಸುವುದಷ್ಟೇ ಪರಿಚಯವಾಗುವುದಿಲ್ಲ, ದನಕ್ಕೂ ಈ ಮಗು ಯಾರೆಂದು ತಿಳಿಯಲು ಸಮಯ ಕೊಡಬೇಕು ಎಂಬ ಮಾತು ಬಹುಪಾಲು ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಮಗುವನ್ನು ಯಾವ ವಯಸ್ಸಿನಲ್ಲಿ ಕೊಟ್ಟಿಗೆಗೆ ಕರೆದೊಯ್ಯಬಹುದು?

ನೋಡುವುದಕ್ಕೆ ವಯಸ್ಸಿನ ಕಟ್ಟುಪಾಡಿಲ್ಲ. ಸೊಂಟದ ಮೇಲಿನ ಕೂಸೂ ಹತ್ತು ಅಡಿ ದೂರದಿಂದ ದನವನ್ನು ನೋಡಿ ಖುಷಿಪಡುತ್ತದೆ. ಮುಟ್ಟುವುದು, ತಿನ್ನಿಸುವುದು ಎಂದಾಗ ಮಾತ್ರ 5 ವರ್ಷವನ್ನು ಒಂದು ಗಡಿಯೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಚಿಕ್ಕ ಮಕ್ಕಳು ಕೈಯನ್ನು ಬಾಯಿಗೆ ಹಾಕದೆ ಇರಲಾರರು, ಸಗಣಿಯಿಂದ ಹರಡುವ ಸೋಂಕುಗಳು ಅವರಿಗೆ ಬೇಗ ತಗಲುತ್ತವೆ ಮತ್ತು ತಗಲಿದರೆ ಹೆಚ್ಚು ಬಾಧಿಸುತ್ತವೆ. ಅವರನ್ನು ದೊಡ್ಡವರು ಎತ್ತಿಕೊಂಡೇ ದನದ ಹೆಗಲನ್ನು ಮುಟ್ಟಿಸಿ, ಆಮೇಲೆ ಕೈ ತೊಳೆಸಬಹುದು.

ತೀರ ಚಿಕ್ಕವರಿಗೆ ಮನೆಯಲ್ಲೇ ಒಂದು ಮುನ್ನುಡಿ ಹಾಕಿಕೊಡುವುದಾದರೆ ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಆ ಹಬ್ಬದಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಕೊಂಬು ಎಲ್ಲಿ, ಹಿಣಿಲು (ಬೆನ್ನ ಮೇಲಿನ ಗೂನು) ಎಲ್ಲಿ, ಬಾಲ ಎಲ್ಲಿಂದ ಹೊರಡುತ್ತದೆ ಎಂಬುದನ್ನು ತನ್ನ ಕೈಯಾರೆ ಮಾಡಿದ ಮಗು ನಿಜವಾದ ಎತ್ತಿನ ಮುಂದೆ ನಿಂತಾಗ ಅಪರಿಚಿತನಂತೆ ನಿಲ್ಲುವುದಿಲ್ಲ.

ಮೊದಲ ಭೇಟಿಗೆ ಯಾವ ಹೊತ್ತು ಸರಿ?

ಬೆಳಗಿನ ಹಾಲು ಕರೆದಾದ ಮೇಲೆ, ಹುಲ್ಲು ತಿಂದು ಮುಗಿಸಿ ದನಗಳು ಮೆಲುಕು ಹಾಕುತ್ತ ನಿಂತಿರುವ ಅಥವಾ ಮಲಗಿರುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ದನವು ದಿನದಲ್ಲಿ ಆರರಿಂದ ಎಂಟು ಗಂಟೆಯಷ್ಟು ಕಾಲ ಮೆಲುಕು ಹಾಕುತ್ತದೆ. ಭಯವಾದರೆ, ನೋವಿದ್ದರೆ ಅದು ಮೆಲುಕನ್ನು ನಿಲ್ಲಿಸುತ್ತದೆ. ಆದುದರಿಂದ ದವಡೆ ಒಂದೇ ಲಯದಲ್ಲಿ ಆಡುತ್ತಿದೆಯೇ ಎಂದು ನೋಡುವುದನ್ನು ಮಗುವಿಗೆ ಮೊದಲ ಪಾಠವಾಗಿ ಕಲಿಸಬಹುದು. ಮಗು ಹತ್ತಿರ ಬಂದಾಗ ದವಡೆ ನಿಂತಿತೆಂದರೆ ದನ ಯೋಚಿಸುತ್ತಿದೆ ಎಂದರ್ಥ, ಅಲ್ಲಿಯೇ ನಿಂತುಬಿಡಬೇಕು. ಮತ್ತೆ ಮೆಲುಕು ಆರಂಭವಾದರೆ ಇನ್ನೊಂದು ಹೆಜ್ಜೆ ಇಡಬಹುದು. ಈ ಆಟವನ್ನು ಮಕ್ಕಳು ಬಹಳ ಗಂಭೀರವಾಗಿ ಆಡುತ್ತಾರೆ.

ಮಲಗಿರುವ ದನವನ್ನು ಫೋಟೋಕ್ಕಾಗಿ ಎಬ್ಬಿಸಬಾರದು. ಹಿಂಡಿ ಬೂಸಾ ಹಾಕುವ ಹೊತ್ತಿನಲ್ಲಿ ಮಕ್ಕಳನ್ನು ಗೋದಲೆಯ ಬಳಿ ಬಿಡಬಾರದು, ಏಕೆಂದರೆ ಆಗ ದನಗಳು ಒಂದನ್ನೊಂದು ತಳ್ಳುತ್ತವೆ, ನಡುವೆ ಯಾರಿದ್ದಾರೆಂದು ನೋಡುವುದಿಲ್ಲ. ಮೇವಿಗೆ ಹೋದ ದನಗಳು ಸಂಜೆ ಮನೆಗೆ ಮರಳುವ ದಾರಿಯೂ ಮಕ್ಕಳ ಜಾಗವಲ್ಲ. ಕರುವನ್ನು ನೆನೆದು ಬರುವ ಹಸು ಓಡುತ್ತಲೇ ಬರುತ್ತದೆ.

ಯಾವ ಕಡೆಯಿಂದ ಹತ್ತಿರ ಹೋಗಬೇಕು?

ಇದಕ್ಕೆ ಉತ್ತರ ದನದ ಕಣ್ಣಿನಲ್ಲಿದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ತನ್ನ ಸುತ್ತಲಿನ ಬಹುಭಾಗ ಒಮ್ಮೆಗೇ ಕಾಣುತ್ತದೆ, ಸುಮಾರು 330 ಡಿಗ್ರಿಯಷ್ಟು. ಕಾಣದಿರುವುದು ನೇರ ಬೆನ್ನ ಹಿಂದಿನ ಒಂದು ಪಟ್ಟಿ ಮತ್ತು ಮೂಗಿನ ತುದಿಯ ತೀರ ಮುಂದಿನ ಸ್ವಲ್ಪ ಜಾಗ. ಪಕ್ಕದಲ್ಲಿರುವುದು ಕಂಡರೂ ಅದು ಎಷ್ಟು ದೂರದಲ್ಲಿದೆ, ಎಷ್ಟು ಆಳದಲ್ಲಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ದಾರಿಗೆ ಅಡ್ಡವಾಗಿ ಬಿದ್ದ ನೆರಳನ್ನು ಕಂಡು ದನ ಗಕ್ಕನೆ ನಿಲ್ಲುವುದು ಈ ಕಾರಣಕ್ಕೇ. ಅದು ಹಳ್ಳವೋ ಬರಿಯ ನೆರಳೋ ಎಂದು ತಲೆ ತಗ್ಗಿಸಿ ನೋಡಿದ ಮೇಲಷ್ಟೇ ಮುಂದೆ ಹೋಗುತ್ತದೆ.

ಹಾಗಾಗಿ ಹಿಂದಿನಿಂದ ಸದ್ದಿಲ್ಲದೆ ಬರುವ ಮಗು ದನದ ಪಾಲಿಗೆ ಇದ್ದಕ್ಕಿದ್ದಂತೆ ನೆಲದಿಂದ ಎದ್ದ ಪ್ರಾಣಿ. ಹೆಗಲಿನ ಓರೆಗೆ, ಅದಕ್ಕೆ ಕಾಣುವಂತೆ, ಮೆಲುದನಿಯಲ್ಲಿ ಮಾತಾಡುತ್ತ ನಡೆಯಬೇಕು. ಹೆಸರಿಟ್ಟ ದನವಾದರೆ ಹೆಸರು ಹಿಡಿದು ಕರೆಯಬೇಕು; ನಮ್ಮ ಕಡೆ ಗೌರಿ, ಲಕ್ಷ್ಮಿ, ಕೆಂಪಿಯರಿಗೆ ತಮ್ಮ ಹೆಸರು ಚೆನ್ನಾಗಿ ಗೊತ್ತು. ದನಕ್ಕೆ ಮನುಷ್ಯರಿಗಿಂತ ಕೀಚಲು ಸದ್ದುಗಳು ಚೆನ್ನಾಗಿ ಕೇಳುತ್ತವೆ, ಆದುದರಿಂದ ಸಂತೋಷದ ಕಿರುಚಾಟವೂ ಅದಕ್ಕೆ ಹಿಂಸೆಯೇ.

ಮುಟ್ಟಲು ಸರಿಯಾದ ಜಾಗ ಹೆಗಲು, ಕತ್ತಿನ ಪಕ್ಕ ಮತ್ತು ಗಂಗೆದೊಗಲು, ಎಂದರೆ ಕತ್ತಿನ ಕೆಳಗೆ ಜೋಲುವ ಚರ್ಮ. ದನಗಳು ಒಂದನ್ನೊಂದು ನೆಕ್ಕುವುದೂ ಹೆಚ್ಚಾಗಿ ಕತ್ತು ಹೆಗಲುಗಳ ಮೇಲೆಯೇ. ಗಂಗೆದೊಗಲನ್ನು ಕೆರೆದುಕೊಟ್ಟರೆ ಕತ್ತನ್ನು ಮುಂದಕ್ಕೆ ಚಾಚಿ ಕಣ್ಣು ಅರೆಮುಚ್ಚುವ ಹಸುವನ್ನು ನೋಡಿದ ಮಗುವಿಗೆ ಬೇರೆ ವಿವರಣೆ ಬೇಡ. ಹಣೆಯನ್ನು, ಕೊಂಬಿನ ನಡುವಿನ ಭಾಗವನ್ನು ಮಾತ್ರ ತಳ್ಳಬಾರದು, ಆಟಕ್ಕೂ ಕೂಡದು. ಹಣೆಗೆ ಹಣೆ ಕೊಟ್ಟು ತಳ್ಳಾಡುವುದು ದನಗಳ ಲೋಕದಲ್ಲಿ ಜಗಳದ ಆಹ್ವಾನ.

ದನಕ್ಕೆ ಸಿಟ್ಟು ಬಂದಿದೆ ಎಂದು ತಿಳಿಯುವುದು ಹೇಗೆ?

ತಲೆ ತಗ್ಗಿಸಿ ಕೊಂಬನ್ನು ನಿಮ್ಮ ಕಡೆ ತಿರುಗಿಸುವುದು, ಮೂಗಿನಿಂದ ಬುಸ್ಸೆನ್ನುವುದು, ಮುಂಗಾಲಿನಿಂದ ನೆಲ ಕೆದರುವುದು, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಳ್ಳುವುದು, ಕಣ್ಣಿನ ಬಿಳಿ ಭಾಗ ಕಾಣುವಂತೆ ನೋಡುವುದು: ಇವನ್ನು ಕಂಡರೆ ದೊಡ್ಡವರು ಮಗುವನ್ನು ಕರೆದುಕೊಂಡು ಹಿಂದೆ ಸರಿಯಬೇಕು. ಓಡಬಾರದು. ಮುಖವನ್ನು ದನದ ಕಡೆಗೇ ಇಟ್ಟುಕೊಂಡು ಹೆಜ್ಜೆ ಹಿಂದಿಡಬೇಕು.

ಆದರೆ ಮಕ್ಕಳಿಗೆ ಏಟಾಗುವುದು ಬಹುಪಾಲು ಸಿಟ್ಟಿನಿಂದಲ್ಲ ಎಂಬುದು ನನ್ನ ಅನುಭವ. ನನ್ನ ಎಡಹುಬ್ಬಿನ ಮೇಲೊಂದು ಗೀರು ಇದೆ. ಏಳು ವರ್ಷದವನಿದ್ದಾಗ ಮಳೆಗಾಲದ ಒಂದು ಬೆಳಿಗ್ಗೆ ಮನೆಯ ಅತ್ಯಂತ ಸಾಧು ಹಸುವಿನ ಪಕ್ಕದಲ್ಲಿ ನಿಂತಿದ್ದೆ. ಅದು ಬೆನ್ನ ಮೇಲಿನ ನೊಣವನ್ನು ಓಡಿಸಲು ತಲೆ ಬೀಸಿತು, ಕೊಂಬಿನ ತುದಿ ನನ್ನ ಹುಬ್ಬಿಗೆ ತಾಗಿತು. ಹಸುವಿಗೆ ನಾನು ಅಲ್ಲಿದ್ದೇನೆಂಬುದೂ ನೆನಪಿರಲಿಲ್ಲವೇನೋ. ನೊಣ ಹೆಚ್ಚಿರುವ ದಿನಗಳಲ್ಲಿ ತಲೆ, ಬಾಲ, ಹಿಂಗಾಲು ಮೂರೂ ಸುಮ್ಮನಿರುವುದಿಲ್ಲ, ಸಗಣಿ ಗಂಜಲದಲ್ಲಿ ಅದ್ದಿದ ಬಾಲ ಕಣ್ಣಿಗೆ ಬಡಿದರೆ ಉರಿಯೂ ಕಡಿಮೆಯಲ್ಲ. ಕೊಂಬು ಬೀಸುವಷ್ಟು ದೂರವನ್ನು ಕಣ್ಣಳತೆಯಲ್ಲಿ ಅಳೆಯುವುದನ್ನು ಮಗುವಿಗೆ ಕಲಿಸಬೇಕು.

ಒದೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಕುದುರೆ ಕತ್ತೆಗಳಂತೆ ದನವೂ ನೇರ ಹಿಂದಕ್ಕೆ ಮಾತ್ರ ಒದೆಯುತ್ತದೆ ಎಂದು ಭಾವಿಸಿ ಪಕ್ಕಕ್ಕೆ ನಿಲ್ಲುತ್ತಾರೆ. ದನ ಹಿಂಗಾಲನ್ನು ಮುಂದಕ್ಕೆ ಎತ್ತಿ, ಪಕ್ಕಕ್ಕೆ ಬೀಸಿ ಒದೆಯಬಲ್ಲದು. ಹೊಟ್ಟೆಯ ಪಕ್ಕ, ಕೆಚ್ಚಲಿನ ಬಳಿ ನಿಲ್ಲುವುದೂ ಅಪಾಯವೇ. ಮುಂಗಾಲಿನ ಹೆಗಲಿನ ಹತ್ತಿರ ಇದರ ಭಯ ಕಡಿಮೆ.

ಮೊದಲು ಯಾವ ರಾಸನ್ನು ತೋರಿಸಬೇಕು? ತಳಿಯಿಂದ ವ್ಯತ್ಯಾಸವಾಗುತ್ತದೆಯೇ?

ತಳಿಗಿಂತ ಆ ಒಂದು ದನದ ಸ್ವಭಾವ ಮುಖ್ಯ, ಅದನ್ನು ಬಲ್ಲವರು ದಿನವೂ ಅದಕ್ಕೆ ಹುಲ್ಲು ಹಾಕುವವರು. ಅಜ್ಜಿ "ಇದರ ಹತ್ತಿರ ಬೇಡ ಮಗಾ" ಎಂದರೆ ಅದಕ್ಕೆ ಕಾರಣ ಕೇಳುತ್ತ ಕೂರಬಾರದು. ಎರಡು ಮೂರು ಸೂಲು (ಹೆರಿಗೆ) ಕಂಡ, ಹೊಸಬರನ್ನು ನೋಡಿ ಅಭ್ಯಾಸವಿರುವ ಹಸು ಮೊದಲ ಭೇಟಿಗೆ ಉತ್ತಮ. ಕರುವಿನ ವಯಸ್ಸು ದಾಟಿ ಇನ್ನೂ ಸೂಲಾಗದ ಪಡ್ಡೆಗಳು ಚಂಚಲ.

ಆದರೂ ತಳಿಯ ಮಾತು ಮಕ್ಕಳಿಗೆ ತುಂಬ ಹಿಡಿಸುತ್ತದೆ. ಎತ್ತರ ಮೂರು ಅಡಿಯ ಆಸುಪಾಸಿನ ಮಲೆನಾಡು ಗಿಡ್ಡ ಮಗುವಿನ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ, ಗಾತ್ರದಿಂದ ಹೆದರುವ ಮಕ್ಕಳಿಗೆ ಇದಕ್ಕಿಂತ ಸಲೀಸಾದ ಆರಂಭವಿಲ್ಲ. ಆದರೆ ಕಾಡಂಚಿನಲ್ಲಿ ತಾನೇ ಮೇಯ್ದು ಬೆಳೆದ ಗಿಡ್ಡ ಚುರುಕಿನ ಪ್ರಾಣಿ. ಕೊಟ್ಟಿಗೆಯಲ್ಲೇ ಬೆಳೆದದ್ದಾದರೆ ಮಾತ್ರ ಈ ಮಾತು ಸಲ್ಲುತ್ತದೆ. ಹಾಲಿನ ಡೈರಿಗೆಂದು ಸಾಕುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿ ಮಿಶ್ರತಳಿಗಳು ದಿನವೂ ಕೈ ತಾಗಿ ಬೆಳೆದಿರುವುದರಿಂದ ಸಾಮಾನ್ಯವಾಗಿ ಸಾಧು, ಆದರೆ ಭಾರದ ಕಾರಣ ಕಾಲ ಮೇಲೆ ಗೊರಸು ಇಟ್ಟರೆ ಮಗುವಿನ ಬೆರಳು ಮುರಿಯಬಹುದು. ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬಿನ ಹಳ್ಳಿಕಾರ್ ನೋಡಲು ಬಲು ಚಂದ, ಆದರೆ ಬಿಸಿರಕ್ತದ ತಳಿ. ಅದರ ಬಳಗವೇ ಆದ ಅಮೃತ ಮಹಲ್‌ನದು ಇನ್ನೂ ಒಂದು ಕೈ ಮೇಲೆ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯ (ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯ) ದನಗಳಿಗೆ ಟಿಪ್ಪು ಸುಲ್ತಾನ ಅಮೃತ ಮಹಲ್ ಎಂದು ಹೆಸರಿಟ್ಟ. ಸೈನ್ಯದ ಫಿರಂಗಿ ಸಾಮಾನುಗಳನ್ನು ಎಳೆಯುತ್ತಿದ್ದ ಈ ದನಗಳು ವಿಶಾಲವಾದ ಕಾವಲುಗಳಲ್ಲಿ (ಮೀಸಲು ಹುಲ್ಲುಗಾವಲುಗಳಲ್ಲಿ) ಬಿಡುಬೀಸಾಗಿ ಬೆಳೆದವು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈಗಲೂ ಇವುಗಳ ಸಂವರ್ಧನಾ ಕೇಂದ್ರವಿದೆ. ಅಂಥ ದನಗಳನ್ನು ಮಕ್ಕಳಿಗೆ ಬೇಲಿಯ ಈಚೆಯಿಂದಲೇ ತೋರಿಸಬೇಕು.

ಎಮ್ಮೆಯನ್ನು ಯಾರೂ ಕೇಳುವುದಿಲ್ಲ, ಅದೊಂದು ಅನ್ಯಾಯ. ಮನೆಯವರಿಗೆ ಒಗ್ಗಿದ ಎಮ್ಮೆಯಷ್ಟು ನಿಧಾನದ, ಕುತೂಹಲದ ಪ್ರಾಣಿ ಬೇರೆ ಇಲ್ಲ. ಹೊಸಬರನ್ನು ಕಂಡರೆ ಮೂಗೆತ್ತಿ ದೀರ್ಘವಾಗಿ ವಾಸನೆ ಹಿಡಿಯುತ್ತದೆ, ಅಷ್ಟು ಹೊತ್ತು ಮಗು ಸುಮ್ಮನೆ ನಿಂತರೆ ಸಾಕು. ಬೆವರು ಕಡಿಮೆಯಾದ್ದರಿಂದಲೂ ಕಪ್ಪು ಚರ್ಮ ಬಿಸಿಲನ್ನು ಹೀರುವುದರಿಂದಲೂ ಅದಕ್ಕೆ ಕೆರೆಯ ನೀರು, ಕೆಸರು ಬೇಕು ಎಂದು ತಿಳಿಸಿದರೆ, ಎಮ್ಮೆ ಎಂದರೆ ಕೊಳಕು ಎಂಬ ಮಾತು ಮಗುವಿನ ಬಾಯಿಗೆ ಬರುವುದಿಲ್ಲ.

ಮಗು ಕರುವನ್ನೇ ಕೇಳುತ್ತದೆ. ಅಪ್ಪಿಕೊಳ್ಳಲು ಬಿಡಬಹುದೇ?

ಮಗುವಿಗೆ ಕರು ಬೇಕು, ಕರುವಿಗೂ ಆಟ ಬೇಕು. ಆದರೆ ಇವೆರಡರ ನಡುವೆ ತಾಯಿಹಸು ಇದೆ ಎಂಬುದನ್ನು ಮರೆಯಬಾರದು. ಈದ ಮೊದಲ ಕೆಲವು ದಿನಗಳಲ್ಲಿ ವರ್ಷಗಟ್ಟಲೆ ಸಾಕಿದವರನ್ನೇ ಹಾಯುವ ಹಸುಗಳುಂಟು. ತಾಯಿ ಮತ್ತು ಕರುವಿನ ನಡುವೆ ಮಗು ಯಾವ ಕಾರಣಕ್ಕೂ ನಿಲ್ಲಬಾರದು. ಕರುವನ್ನು ಬೇರೆ ಕಟ್ಟಿದ್ದರೆ, ತಾಯಿಯ ಕಣ್ಣಿ (ಕಟ್ಟಿದ ಹಗ್ಗ) ಗಟ್ಟಿಯಿದ್ದರೆ, ಸಾಕಿದವರು ಪಕ್ಕದಲ್ಲಿದ್ದರೆ ಮುಟ್ಟಲು ಬಿಡಬಹುದು.

ಅಪ್ಪಿಕೊಂಡು ಹಿಡಿದರೆ ಕರು ಬಿಡಿಸಿಕೊಳ್ಳಲು ಜಿಗಿಯುತ್ತದೆ, ಅದರ ತಲೆ ಮಗುವಿನ ಗದ್ದಕ್ಕೆ ಬಡಿಯುತ್ತದೆ. ಅದರ ಬದಲು ಮಗು ಕುಳಿತುಕೊಳ್ಳದೆ, ಸ್ವಲ್ಪ ಬಗ್ಗಿ ಕೈ ಚಾಚಿ ನಿಂತರೆ ಕರುವೇ ಬಂದು ಮೂಸುತ್ತದೆ, ಆಮೇಲೆ ನೆಕ್ಕುತ್ತದೆ. ಆ ನಾಲಗೆಯ ತರಿತರಿ ಎಷ್ಟು ವಿಚಿತ್ರವೆಂದರೆ ಬಹಳ ಮಕ್ಕಳು ಅದನ್ನು ಊರಿಗೆ ಹೋದ ಮೇಲೂ ತಿಂಗಳುಗಟ್ಟಲೆ ಹೇಳಿಕೊಳ್ಳುತ್ತಾರೆ. ಕರುವಿಗೆ ಬೆರಳು ಚೀಪಲು ಕೊಡಬಾರದು, ಹಣೆ ಗುದ್ದಾಟ ಕಲಿಸಬಾರದು. ಎರಡು ತಿಂಗಳ ಹೋರಿಗರುವಿನ ಗುದ್ದು ತಮಾಷೆ. ಅದೇ ಅಭ್ಯಾಸವುಳ್ಳ ಎರಡು ವರ್ಷದ ಹೋರಿ ಜೀವಕ್ಕೆ ಅಪಾಯ.

ಹಸು ಈಯುವುದನ್ನು ಮಗುವಿಗೆ ತೋರಿಸಬಹುದೇ ಎಂದೂ ಕೇಳುತ್ತಾರೆ. ದೂರದಿಂದ, ಮೌನವಾಗಿ ನೋಡಬಹುದು. ಹುಟ್ಟಿದ ಗಂಟೆಯೊಳಗೆ ಕರು ನಡುಗುವ ಕಾಲುಗಳ ಮೇಲೆ ಎದ್ದು ನಿಲ್ಲುವುದು, ತಾಯಿ ಅದನ್ನು ನೆಕ್ಕಿ ಒಣಗಿಸುವುದು, ಕರು ತಡಕಾಡಿ ಕೆಚ್ಚಲು ಹುಡುಕುವುದು ನೋಡಬೇಕಾದ ಸಂಗತಿಗಳೇ. ಆ ಮೊದಲ ಗಿಣ್ಣುಹಾಲಿನಲ್ಲಿ ಕರುವಿನ ರೋಗನಿರೋಧಕ ಶಕ್ತಿಯಿದೆ, ಅದು ಬೇಗ ಕುಡಿದಷ್ಟೂ ಒಳ್ಳೆಯದು, ಉಳಿದದ್ದರಲ್ಲಷ್ಟೇ ನಮ್ಮ ಗಿಣ್ಣು ಎಂದು ಆಗಲೇ ಹೇಳಿಬಿಡಬೇಕು. ಮಾಸು (ಕರುವಿನ ನಂತರ ಬೀಳುವ ಗರ್ಭದ ಪೊರೆ), ಸೂಲಿನ ನೀರುಗಳನ್ನು ಮಕ್ಕಳೂ ಗರ್ಭಿಣಿಯರೂ ಮುಟ್ಟಬಾರದು. ದನಗಳಲ್ಲಿ ಕಂದು ಹಾಕಿಸುವ (ಗರ್ಭಪಾತ ಮಾಡಿಸುವ) ಬ್ರುಸೆಲ್ಲೋಸಿಸ್ ಎಂಬ ಸೋಂಕು ಇವುಗಳ ಮೂಲಕ ಮನುಷ್ಯರಿಗೂ ಬರುತ್ತದೆ.

ಎತ್ತು, ಹೋರಿ, ಕೋಣಗಳ ಹತ್ತಿರ ಹೋಗಬಹುದೇ?

ಬೀಜ ಒಡೆದು ಪಳಗಿಸಿದ, ಗಾಡಿ ನೇಗಿಲಿಗೆ ಕಟ್ಟಿ ಅಭ್ಯಾಸವಾದ ಎತ್ತಿನ ಹತ್ತಿರ ಅದರ ಯಜಮಾನನ ಜೊತೆಗೆ ಹೋಗಬಹುದು. ಹೋರಿ, ಗೂಳಿ, ಕೋಣಗಳ ಹತ್ತಿರ ಹೋಗಲೇಬಾರದು. "ನಮ್ಮದು ಏನೂ ಮಾಡಲ್ಲ" ಎಂಬ ಭರವಸೆಯನ್ನು ಈ ಒಂದು ವಿಷಯದಲ್ಲಿ ಯಾರು ಕೊಟ್ಟರೂ ನಂಬಬೇಡಿ.

ಕೆಂಪು ಬಟ್ಟೆ ಹಾಕಿದ್ದರೆ ಹಾಯುತ್ತದೆಯೇ?

ಇಲ್ಲ. ದನಕ್ಕೆ ಕೆಂಪು ಬಣ್ಣ ನಮಗೆ ಕಂಡಂತೆ ಕಾಣುವುದೇ ಇಲ್ಲ. ಪಟಪಟನೆ ಹಾರುವ ದುಪಟ್ಟಾ, ಗಾಳಿಗೆ ಉಬ್ಬುವ ಮಳೆಕೋಟು, ಫಕ್ಕನೆ ಬಿಚ್ಚುವ ಛತ್ರಿ ಯಾವ ಬಣ್ಣದ್ದಾದರೂ ಅದನ್ನು ಬೆದರಿಸುತ್ತವೆ. ಬಟ್ಟೆಗಿಂತ ಕಾಲಿನ ಕಡೆ ಗಮನವಿರಲಿ: ಚಪ್ಪಲಿ ಬೇಡ, ಬೆರಳು ಮುಚ್ಚುವ ಬೂಟು ಇರಬೇಕು.

ಮಗುವಿನ ಕೈಯಿಂದ ಏನು ತಿನ್ನಿಸಬಹುದು?

ಹಸಿ ಹುಲ್ಲು, ಮುಸುಕಿನ ಜೋಳದ ಎಲೆ, ರಾಗಿ ಹುಲ್ಲಿನ ಎಳೆಗಳು, ಬಾಳೆಹಣ್ಣಿನ ಸಿಪ್ಪೆ. ಉದ್ದನೆಯ ಹುಲ್ಲಿನ ಕಂತೆಯ ಒಂದು ತುದಿಯನ್ನು ಮಗು ಹಿಡಿದು ಇನ್ನೊಂದು ತುದಿಯನ್ನು ದನಕ್ಕೆ ಚಾಚುವುದು ಸುಲಭದ ಕ್ರಮ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಅಲ್ಲಿರುವುದು ಗಟ್ಟಿಯಾದ ಒಸಡು ಮಾತ್ರ. ಅದು ಕಚ್ಚಿ ಕೀಳುವುದಿಲ್ಲ, ನಾಲಗೆಯನ್ನು ಸುತ್ತಿ ಎಳೆದುಕೊಳ್ಳುತ್ತದೆ. ಇದನ್ನು ಹೇಳಿದ ಕೂಡಲೇ ಮಕ್ಕಳು ಧೈರ್ಯವಾಗಿ ಬಾಯೊಳಗೇ ಕೈ ಹಾಕಲು ಹೊರಡುತ್ತಾರೆ. ಆದುದರಿಂದ ಒಳಗಿನ ದವಡೆ ಹಲ್ಲುಗಳು ಬೆರಳನ್ನು ಅರೆಯಬಲ್ಲವು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಪ್ರೀತಿಗೆಂದು ಅನ್ನ, ರಾಗಿಮುದ್ದೆ, ಹೋಳಿಗೆ, ಬೆಲ್ಲ, ಬ್ರೆಡ್ಡುಗಳನ್ನು ತಂದು ಸುರಿಯುವವರ ಮೇಲೆ ನನಗೆ ಸಿಟ್ಟಿದೆ, ಅವರಲ್ಲಿ ನೆಂಟರೂ ಇದ್ದಾರೆ. ದೊಡ್ಡ ಹಸುವಿನ ಮೊದಲ ಹೊಟ್ಟೆ 100 ಲೀಟರಿಗೂ ಹೆಚ್ಚು ಹಿಡಿಯುವ ಹುದುಗಿನ ಪಾತ್ರೆ. ಅದರಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕರಗಿಸಲು ಒಗ್ಗಿವೆ. ಒಮ್ಮೆಗೇ ಬಹಳ ಪಿಷ್ಟ, ಸಕ್ಕರೆ ಬಿದ್ದರೆ ಅಲ್ಲಿ ಆಮ್ಲ ಹೆಚ್ಚಿ, ಮೆಲುಕು ನಿಂತು, ದನ ಮಲಗಿಬಿಡುತ್ತದೆ, ಸಾಯುವುದೂ ಉಂಟು. ಹಬ್ಬದ ಮರುದಿನ ಪಶುವೈದ್ಯರಿಗೆ ಬಿಡುವಿಲ್ಲದಿರುವುದು ಇದಕ್ಕೇ. ಪೂಜೆಗೆ ಒಂದು ತುತ್ತು ಕೊಟ್ಟರೆ ತೊಂದರೆಯಿಲ್ಲ, ಆದರೆ ಬಂದ ಹತ್ತು ಮಕ್ಕಳೂ ಒಂದೊಂದು ಹೋಳಿಗೆ ಕೊಟ್ಟರೆ ತೊಂದರೆಯಿದೆ. ಪ್ಲಾಸ್ಟಿಕ್ ಚೀಲದೊಂದಿಗೆ ತರಕಾರಿ ಸಿಪ್ಪೆ, ತಂತಿ ನೂಲುಗಳಿರುವ ಹೂವಿನ ಹಾರ ಇವೂ ಬೇಡ. ದನ ಆರಿಸಿ ತಿನ್ನುವುದಿಲ್ಲ, ನುಂಗಿದ ತಂತಿಯ ತುಂಡು ಹೊಟ್ಟೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಹುದು.

ಹಾಲು ಕರೆಯಲು ಬಿಡಬಹುದೇ? ನೊರೆಹಾಲು ಕುಡಿಸಬಹುದೇ?

ಎಂಟು ಹತ್ತು ವರ್ಷದ ಮಗು, ಸಾಧು ಹಸು, ಕೊನೆಯ ನಾಲ್ಕು ಧಾರೆ: ಇಷ್ಟಿದ್ದರೆ ಪ್ರಯತ್ನಿಸಬಹುದು. ಹಾಲು ಕರೆಯುವ ಆರಂಭದಲ್ಲಿ ಮಕ್ಕಳ ಗುಂಪು ಸುತ್ತ ನಿಂತರೆ ಹಸು ತೊರೆ ಬಿಡುವುದಿಲ್ಲ, ಎಂದರೆ ಕೆಚ್ಚಲಿಗೆ ಹಾಲಿಳಿಸುವುದಿಲ್ಲ. ಬೆದರಿದ ದೇಹದಲ್ಲಿ ಹಾಲಿಳಿಸುವ ಹಾರ್ಮೋನಿನ ಕೆಲಸಕ್ಕೆ ತಡೆಯಾಗುತ್ತದೆ. ಅಂದು ಡೈರಿಗೆ ಹಾಲು ಕಡಿಮೆಯಾದರೆ ನಷ್ಟ ಸಾಕಿದವರಿಗೆ, ಆದುದರಿಂದ ಅವರು ಬೇಡವೆಂದರೆ ಬೇಸರಪಡಬಾರದು.

ಅಜ್ಜಿಯರೊಂದಿಗೆ ನಾನು ಒಪ್ಪಲಾಗದ ವಿಷಯ ಈ ನೊರೆಹಾಲು ಒಂದೇ. ಕರೆದ ಕೂಡಲೇ ಬೆಚ್ಚಗಿನ ನೊರೆಹಾಲನ್ನು ಲೋಟಕ್ಕೆ ಹಾಕಿ ಮೊಮ್ಮಗುವಿಗೆ ಕೊಡುವುದರಲ್ಲಿ ಇರುವ ಅಕ್ಕರೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕ್ಷಯ, ಬ್ರುಸೆಲ್ಲೋಸಿಸ್ ಎರಡೂ ಹಸಿಹಾಲಿನ ಮೂಲಕ ಬರಬಲ್ಲವು, ಹಸು ಆರೋಗ್ಯವಾಗಿ ಕಂಡರೂ ಬರಬಲ್ಲವು. ಅದೇ ಹಾಲನ್ನು ಒಂದು ಉಕ್ಕು ಬರಿಸಿ, ಆರಿಸಿ, ಅದೇ ಅಜ್ಜಿಯ ಕೈಯಿಂದ ಕೊಡಿಸಿ. ಒಂದು ವರ್ಷ ತುಂಬದ ಕೂಸಿಗೆ ಎದೆಹಾಲಿನ ಬದಲಾಗಿ ಹಸುವಿನ ಹಾಲು ಕಾಯಿಸಿದ್ದಾದರೂ ಬೇಡ.

ದನಗಳಿಂದ ಮಕ್ಕಳಿಗೆ ಯಾವ ಕಾಯಿಲೆಗಳು ಬರಬಹುದು?

ಹೆಚ್ಚಿನವು ಸಗಣಿಯಿಂದ ಕೈಗೆ, ಕೈಯಿಂದ ಬಾಯಿಗೆ ಬರುವ ವಾಂತಿಭೇದಿಗಳು. ಭೇದಿಯಿರುವ ಕರುವಿನ ಹತ್ತಿರ ಮಗುವನ್ನು ಬಿಡಲೇಬಾರದು. ಕೊಟ್ಟಿಗೆಯಿಂದ ಹೊರಬಂದ ಕೂಡಲೇ ಸೋಪು ಹಚ್ಚಿ, ಕನಿಷ್ಠ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ಕೈ ತೊಳೆಸಬೇಕು. ಸ್ಯಾನಿಟೈಸರ್ ಇದಕ್ಕೆ ಸಮನಲ್ಲ. ಕರುಗಳ ಭೇದಿಗೆ ಕಾರಣವಾಗುವ ಕೆಲವು ರೋಗಾಣುಗಳು ಅದಕ್ಕೆ ಜಗ್ಗುವುದಿಲ್ಲ. ಕೊಟ್ಟಿಗೆಯೊಳಗೆ ತಿಂಡಿ ತಿನ್ನುವುದು, ನೀರಿನ ಬಾಟಲಿ ಹಿಡಿಯುವುದು ಬೇಡ.

ಕರುವಿನ ಕಣ್ಣಿನ ಸುತ್ತ, ಕತ್ತಿನ ಮೇಲೆ ಕೂದಲುದುರಿ ಬೂದುಬಣ್ಣದ ದುಂಡನೆಯ ಹಕ್ಕಳೆಗಳಿದ್ದರೆ ಅದು ಹುಳುಕಡ್ಡಿ, ಮುಟ್ಟಿದವರಿಗೆ ಅಂಟುತ್ತದೆ. ಗಂಜಲ ನಿಂತ ಜಾಗದಲ್ಲಿ ಬರಿಗಾಲಲ್ಲಿ, ಗಾಯವಿರುವ ಕಾಲಲ್ಲಿ ಓಡಾಡಿದರೆ ಇಲಿಜ್ವರದ ಸಾಧ್ಯತೆಯುಂಟು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಅರಚುವ ದನವನ್ನು ಕಂಡರೆ ದೊಡ್ಡವರೂ ಬಾಯಿಗೆ ಕೈ ಹಾಕಿ ನೋಡಬಾರದು, ಹುಚ್ಚುನಾಯಿ ಕಚ್ಚಿದ ದನ ಹಾಗೆಯೇ ಕಾಣುತ್ತದೆ. ಅದರ ಜೊಲ್ಲು ಮೈಮೇಲಿನ ಗಾಯಕ್ಕೆ ತಾಗಿದ್ದರೆ ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ದನದ ಚಿಕಿತ್ಸೆಗೆ ಕರ್ನಾಟಕದಲ್ಲಿ 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ.

2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿ ರೋಗದ್ದೂ ನಮಗೆ ಭಯವಿಲ್ಲ; ಆದರೆ ನಮ್ಮ ಬೂಟು, ಬಟ್ಟೆಗಳು ಅದನ್ನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಒಯ್ಯಬಲ್ಲವು. ಒಂದೇ ದಿನ ಮೂರು ಮನೆಗಳ ಕೊಟ್ಟಿಗೆ ನೋಡುವ ಯೋಜನೆಯಿದ್ದರೆ ಬೂಟು ತೊಳೆದು ಹೋಗುವುದು ಸಾಕಿದವರಿಗೆ ತೋರುವ ಮರ್ಯಾದೆ.

ಮಲೆನಾಡಿಗೆ ಹೋಗುವವರು ವಿಶೇಷವಾಗಿ ಏನನ್ನು ಗಮನಿಸಬೇಕು?

ಉಣ್ಣೆಗಳನ್ನು, ಎಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳುಗಳನ್ನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಕಾಡಿನ ಉಣ್ಣೆಗಳಿಂದ ಬರುತ್ತದೆ, ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಅದೇ ಬೇಸಿಗೆ ರಜೆಯೂ ಹೌದು. ದನಗಳಿಗೆ ಈ ಜ್ವರ ಬರುವುದಿಲ್ಲವಾದರೂ ದೊಡ್ಡ ಉಣ್ಣೆಗಳು ಅವುಗಳ ರಕ್ತ ಕುಡಿದು ಬೆಳೆಯುತ್ತವೆ. ಕಾಡಿನಲ್ಲಿ ಮೇಯ್ದು ಬಂದ ದನಗಳ ಜೊತೆ ಮಕ್ಕಳು ಕಾಡಂಚಿಗೆ ಹೋಗುವುದು, ತರಗೆಲೆಯ ಮೇಲೆ ಕೂರುವುದು ಬೇಡ. ಮಂಗ ಸತ್ತ ಸುದ್ದಿಯಿದ್ದರೆ ಆ ಕಡೆ ತಲೆ ಹಾಕಲೂಬಾರದು. ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿ ಕಿವಿಯ ಹಿಂಭಾಗ, ಕಂಕುಳು, ತೊಡೆಸಂದುಗಳನ್ನು ನೋಡಬೇಕು.

ಏಟಾದರೆ?

ತರಚಿದ ಗಾಯವನ್ನು ಸೋಪುನೀರಿನಲ್ಲಿ ತೊಳೆಯಿರಿ, ಸಗಣಿಯನ್ನಾಗಲಿ ಅರಿಶಿನವನ್ನಾಗಲಿ ಮೆತ್ತಬೇಡಿ. ಧನುರ್ವಾಯುವಿನ ಲಸಿಕೆ ಸರ್ಕಾರಿ ವೇಳಾಪಟ್ಟಿಯಂತೆ ಒಂದೂವರೆ ವರ್ಷದ ಆಸುಪಾಸಿನಲ್ಲಿ, 5–6 ವರ್ಷದಲ್ಲಿ, ಮತ್ತೆ 10 ಹಾಗೂ 16ನೇ ವಯಸ್ಸಿನಲ್ಲಿ ಆಗಿದೆಯೇ ಎಂದು ಊರಿಗೆ ಹೊರಡುವ ಮುನ್ನವೇ ಕಾರ್ಡ್ ನೋಡಿಕೊಳ್ಳಿ. ಹೊಟ್ಟೆಗೆ, ಎದೆಗೆ ಅಥವಾ ತಲೆಗೆ ಒದೆ ಬಿದ್ದಿದ್ದರೆ ಹೊರಗೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಮಗು ಹೆದರಿ ಅಳುತ್ತದೆ. ಒತ್ತಾಯಿಸಿ ಮುಟ್ಟಿಸಿದರೆ ಭಯ ಹೋಗುತ್ತದೆಯೇ?

ಹೋಗುವುದಿಲ್ಲ, ಬೇರೂರುತ್ತದೆ. "ಗಂಡುಮಗ ಆಗಿ ಹೆದರ್ತೀಯಾ" ಎಂಬ ಮಾವಂದಿರ ಹಾಸ್ಯವನ್ನು ಅಲ್ಲಿಯೇ ತಡೆಯಬೇಕು. ಅಷ್ಟು ದೊಡ್ಡ ಪ್ರಾಣಿಯನ್ನು ಕಂಡು ಹೆದರುವುದು ಬುದ್ಧಿಯ ಲಕ್ಷಣವೇ. ಮೊದಲ ದಿನ ಕಿಟಕಿಯಿಂದ ನೋಡಲಿ, ಮರುದಿನ ಹುಲ್ಲಿನ ಕಂತೆಯನ್ನು ಗೋದಲೆಗೆ ಎಸೆದು ಬರಲಿ, ಮೂರನೆಯ ದಿನ ದನವೇ ಇದು ಹುಲ್ಲು ತರುವ ಮಗು ಎಂದು ತಲೆಯೆತ್ತಿ ನೋಡುತ್ತದೆ. ತನ್ನನ್ನು ಗುರುತಿಸಿತು ಎಂಬುದು ಮಗುವಿಗೆ ಗೊತ್ತಾದ ಆ ಗಳಿಗೆಯ ಮುಂದೆ ನಮ್ಮ ಧೈರ್ಯವಚನಗಳು ಏನೂ ಅಲ್ಲ. ಕೆಲವು ಮಕ್ಕಳಿಗೆ ಅದಕ್ಕೆ ಎರಡು ರಜೆಗಳು ಬೇಕಾಗಬಹುದು.

ಹಬ್ಬ, ಜಾತ್ರೆಗಳಲ್ಲಿ ದನಗಳನ್ನು ತೋರಿಸುವುದು ಹೇಗೆ?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ಜಾತ್ರೆ ಮುಂತಾದವುಗಳಲ್ಲಿ ಒಳ್ಳೆಯ ಹಳ್ಳಿಕಾರ್ ಜೋಡಿಗಳನ್ನು ಒಂದೇ ಕಡೆ ನೋಡಬಹುದು. ಬೆಳಗ್ಗೆ ಬೇಗ ಹೋಗಿ, ಮಗುವನ್ನು ಎರಡು ಸಾಲುಗಳ ನಡುವಿನ ಇಕ್ಕಟ್ಟಿಗೆ ಇಳಿಸದೆ ತೋರಿಸಬೇಕು. ದೀಪಾವಳಿಯ ಗೋಪೂಜೆ ಮನೆಯೊಳಗಿನ ಹಬ್ಬ, ಮಕ್ಕಳಿಗೆ ಹೇಳಿ ಮಾಡಿಸಿದಂಥದು. ಆದರೆ ಪಟಾಕಿ ಬೇಡ. ಸಂಕ್ರಾಂತಿಯ ಸಂಜೆ ಹಳೇ ಮೈಸೂರು ಕಡೆ ಕಿಚ್ಚು ಹಾಯಿಸುವಾಗ ಬೆಂಕಿಗೆ ಬೆದರಿದ ಎತ್ತುಗಳು ಯಾವ ಕಡೆ ನುಗ್ಗುತ್ತವೆಂದು ಹೇಳಲಾಗದು. ಮಾಳಿಗೆ ಅಥವಾ ಎತ್ತರದ ಜಗಲಿಯಿಂದಲೇ ನೋಡಬೇಕು. ಹಾವೇರಿ, ಶಿವಮೊಗ್ಗ ಕಡೆಯ ಹೋರಿ ಬೆದರಿಸುವ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯಬೇಡಿ. ದೊಡ್ಡವರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಊರೇ ಇಲ್ಲದವರು, ಬೆಂಗಳೂರಿನ ಬೀದಿ ದನಗಳನ್ನು ತೋರಿಸಬಹುದೇ?

ನೋಡಲು ಅಡ್ಡಿಯಿಲ್ಲ, ತಿನ್ನಿಸಲು ನಿಲ್ಲಬೇಡಿ. ಅವುಗಳಲ್ಲಿ ಬಹುಪಾಲಿಗೆ ಯಜಮಾನರಿದ್ದಾರೆ, ಹಾಲು ಕರೆದು ಬೀದಿಗೆ ಬಿಟ್ಟಿರುತ್ತಾರೆ. ರಸ್ತೆಯಲ್ಲಿ ಕೈಚೀಲ ಕಂಡರೆ ಬೆನ್ನು ಹತ್ತಿ ಅಭ್ಯಾಸವಾದ ದನ ಮಗುವಿನ ಕೈಚೀಲವನ್ನೂ ಬಿಡುವುದಿಲ್ಲ. ನಗರದಂಚಿನಲ್ಲಿ ನಾಲ್ಕಾರು ಹಸು ಸಾಕಿ ಡೈರಿಗೆ ಹಾಲು ಹಾಕುವ ಮನೆಗಳು ಇನ್ನೂ ಇವೆ. ಮುಂಚಿತವಾಗಿ ಕೇಳಿಕೊಂಡು, ಒಂದು ಹೊರೆ ಹುಲ್ಲಿನ ಬೆಲೆ ಕೊಟ್ಟು ಹೋದರೆ ಬೇಡವೆನ್ನುವವರು ಕಡಿಮೆ.

ಮಕ್ಕಳಿಗೆ ಯಾವ ಕೆಲಸಗಳನ್ನು ಒಪ್ಪಿಸಬಹುದು?

ಕೆಲಸವಿಲ್ಲದ ಪರಿಚಯ ಮೂರು ದಿನಕ್ಕೆ ಹಳಸುತ್ತದೆ. ಆರು ವರ್ಷದ ಮಗು ಗೋದಲೆಗೆ ಹುಲ್ಲು ಹಾಕಬಹುದು, ಕಲಗಚ್ಚಿನ ಬಕೆಟ್ಟಿಗೆ ತರಕಾರಿ ಸಿಪ್ಪೆ ಸೇರಿಸಬಹುದು. ಹತ್ತು ವರ್ಷದ ಮಗು ಕರುವಿನ ಮೈ ಉಜ್ಜಬಹುದು, ದನ ದಿನಕ್ಕೆ ಎಷ್ಟು ಬಿಂದಿಗೆ ನೀರು ಕುಡಿಯಿತೆಂದು ಲೆಕ್ಕ ಬರೆಯಬಹುದು. ಕರೆಯುವ ಹಸುವೊಂದು ಬೇಸಿಗೆಯಲ್ಲಿ 60 ಲೀಟರಿಗೂ ಮೀರಿ ಕುಡಿಯುವುದನ್ನು ತಾನೇ ಹೊತ್ತು ತಂದು ನೋಡಿದರೆ ಆ ಲೆಕ್ಕ ಮರೆಯುವುದಿಲ್ಲ. ಕಣ್ಣಿಯನ್ನು ಕೈಗೆ ಸುತ್ತಿಕೊಂಡು ದನ ಹೊಡೆದುಕೊಂಡು ಹೋಗುವುದನ್ನು ಮಾತ್ರ ಯಾವ ಮಗುವಿಗೂ ಒಪ್ಪಿಸಬಾರದು. ದನ ಬೆದರಿ ಓಡಿದರೆ ಸುತ್ತಿದ ಹಗ್ಗ ಬಿಡುವುದಿಲ್ಲ.

ಮೂಗುದಾರ ನೋವಾಗುವುದಿಲ್ಲವೇ, ಗಂಡುಕರು ಎಲ್ಲಿ ಹೋಯಿತು ಎಂದು ಮಗು ಕೇಳಿದರೆ ಏನು ಹೇಳುವುದು?

ನಿಜವನ್ನು, ಅದರ ವಯಸ್ಸಿಗೆ ತಕ್ಕ ಅಳತೆಯಲ್ಲಿ. ಮೂಗುದಾರ ಹಾಕುವಾಗ ನೋವಾಗುತ್ತದೆ, ಎಳೆದಾಗಲೂ ಆಗುತ್ತದೆ, ಅದಕ್ಕೇ ಒಳ್ಳೆಯ ರೈತ ಅದನ್ನು ಜಗ್ಗುವುದಿಲ್ಲ. ಗಂಡುಕರುವಿನ ಪ್ರಶ್ನೆ ಇನ್ನೂ ಕಷ್ಟದ್ದು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುಗಳಿಗೆ ಕೆಲಸವಿಲ್ಲ, ಸಾಕುವ ಖರ್ಚು ಹಾಲಿನಿಂದಲೇ ಬರಬೇಕು, ಹಾಗಾಗಿ ಬಹಳ ಮನೆಗಳಲ್ಲಿ ಅವು ಹೆಚ್ಚು ದಿನ ಉಳಿಯುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಇಷ್ಟನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾವು ಕುಡಿಯೋ ಹಾಲಿಗೆ ದುಡ್ಡು ಜಾಸ್ತಿ ಕೊಟ್ಟರೆ ಅದನ್ನೂ ಸಾಕಬಹುದಾ ದೊಡ್ಡಪ್ಪ?" ಎಂದು ಕೇಳಿದಳು. ಈ ಪುಟದಲ್ಲಿ ಉತ್ತರ ಬರೆಯಲು ನನ್ನಿಂದ ಇನ್ನೂ ಆಗದಿರುವ ಪ್ರಶ್ನೆ ಅದು.